ದೋಣಿಯಿಲ್ಲದೆ ಬ್ಯಾಸ್: ಮನೆ ಪಕ್ಕದ ಕೆರೆಯಲ್ಲಿ ಗಾಳ ಹಾಕುವ ಬಗೆ

ಬ್ಯಾಸ್ ಮೀನಿಗೆ ಗಾಳ ಅಂದರೆ ಅಮೆರಿಕಕ್ಕೆ ಬಂದ ಹೊಸಬರ ಕಣ್ಣಿಗೆ ಮೊದಲು ಕಟ್ಟುವುದು ಮಿರಿಮಿರಿ ಮಿಂಚುವ ದೋಣಿ, ಅದರ ಹಿಂದೆ 250 ಕುದುರೆಶಕ್ತಿಯ ಮೋಟರು, ಮುಂದೆ ಸಾಲಾಗಿ ಸೋನಾರ್ ಪರದೆ. ಟಿ.ವಿ.ಯಲ್ಲಿ ತೋರಿಸುವುದು ಅದನ್ನೇ, ಅಂಗಡಿಯವರು ಆಸೆ ಹುಟ್ಟಿಸುವುದೂ ಅದರದ್ದೇ. ಡಲ್ಲಾಸ್ ಸುತ್ತಮುತ್ತಲಿನ ಫ್ರಿಸ್ಕೊ, ಪ್ಲೇನೊ, ಅರ್ವಿಂಗ್‌ಗಳಲ್ಲಿ ಇರುವ ಕನ್ನಡಿಗರು ದಿನಾ ಸಂಜೆ ಸುತ್ತು ಹಾಕುವ ಎರಡು ಮೂರು ಎಕರೆಯ ಕೆರೆಗಳಲ್ಲೂ ಇದೇ ಲಾರ್ಜ್‌ಮೌತ್ ಬ್ಯಾಸ್ ಇದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ನನ್ನ ಪ್ರಕಾರ ಈ ಹವ್ಯಾಸ ಶುರುಮಾಡಲು ದೊಡ್ಡ ಜಲಾಶಯ ತಪ್ಪು ಜಾಗ. ಡಲ್ಲಾಸಿಗೆ ಪೂರ್ವಕ್ಕಿರುವ ಲೇಕ್ ಫೋರ್ಕ್ ಸುಮಾರು 27,000 ಎಕರೆ. ಅಲ್ಲಿ ಮೀನು ಎಲ್ಲಿದೆ ಎಂದು ಹುಡುಕುವುದರಲ್ಲೇ ದಿನ ಮುಗಿಯುತ್ತದೆ. ಕಚ್ಚದಿದ್ದರೆ ತಪ್ಪು ಜಾಗದ್ದೋ, ಹುಳದ್ದೋ, ಕೈಯದ್ದೋ ತಿಳಿಯುವುದಿಲ್ಲ. ಸಣ್ಣ ಕೆರೆಯಲ್ಲಿ ಮೀನು ಗಾಳಕ್ಕೆ ಎಟುಕುವಷ್ಟು ದೂರದಲ್ಲೇ ಇದೆ ಎಂಬುದು ಖಚಿತ. ಇವತ್ತು ಅದು ಯಾವ ಮೂಲೆಯಲ್ಲಿ, ಯಾಕೆ ಎಂಬುದಷ್ಟೇ ಉಳಿಯುವ ಲೆಕ್ಕ. ಒಂದೇ ಕೆರೆ, ಒಂದೇ ರಾಡ್, ಎರಡು ಬಗೆಯ ಪ್ಲಾಸ್ಟಿಕ್ ಹುಳು ಹಿಡಿದು ಒಂದು ವರ್ಷ ಕಳೆದವರಿಗೆ ಆ ಲೆಕ್ಕ ತಾನಾಗಿ ಕೈಗೆ ಹತ್ತುತ್ತದೆ. ಅದರ ಸುಖವೇ ಬೇರೆ. ಗಾಳಿ ದಿಕ್ಕು ಬದಲಿಸಿತು, ಆದ್ದರಿಂದ ಆಚೆ ದಡ ಎಂದುಕೊಂಡು ಹೋಗಿ ಹಾಕಿದ ಮೊದಲ ಎಸೆತಕ್ಕೇ ಲೈನ್ ಪಕ್ಕಕ್ಕೆ ಸರಿದರೆ, ಮೀನು ಒಂದು ಪೌಂಡಿನದ್ದಾದರೂ ಆ ದಿನದ ಕೆಲಸ ಹಗುರವಾಗುತ್ತದೆ. ಬೆಳಗಿನ ಮೊದಲ ಮೀಟಿಂಗಿಗೆ ಮುಂಚೆ ಮುಕ್ಕಾಲು ಗಂಟೆ ಸಿಕ್ಕರೆ ಇಷ್ಟಕ್ಕೆ ಸಾಕು.

ಮೊದಲು ಕಾಗದಪತ್ರ

17 ವರ್ಷ ತುಂಬಿದವರಿಗೆ ಟೆಕ್ಸಾಸಿನಲ್ಲಿ ಸಾಮಾನ್ಯವಾಗಿ ಲೈಸೆನ್ಸ್ ಬೇಕು. ಆರು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲೇ ನೆಲೆಸಿದವರಿಗೆ ಸಿಹಿನೀರಿನ ಪ್ಯಾಕೇಜು ಸದ್ಯ 30 ಡಾಲರ್. ಮಾಮೂಲಿ ಲೈಸೆನ್ಸು ಯಾವಾಗ ಕೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಹಾಗಾಗಿ ಜುಲೈ ಕೊನೆಯಲ್ಲಿ ಕೊಂಡರೆ ದುಡ್ಡು ದಂಡ. ಊರಿಂದ ಬಂದ ಅಪ್ಪ, ಮಾವ "ಕೊಡಪ್ಪ ಇಲ್ಲಿ, ನಾನೊಂದು ಕೈ ನೋಡ್ತೀನಿ" ಎಂದು ರಾಡ್ ಇಸಿದುಕೊಂಡರೆ ಕಾನೂನಿನ ಲೆಕ್ಕಕ್ಕೆ ಅವರೂ ಮೀನು ಹಿಡಿಯುವವರೇ. ಅವರಿಗೂ ಹೊರಗಿನವರ ಲೈಸೆನ್ಸ್ ಬೇಕಾಗುತ್ತದೆ. ಇದಕ್ಕೆ ಸುಲಭದ ದಾರಿ ಸ್ಟೇಟ್ ಪಾರ್ಕು. ಟೆಕ್ಸಾಸಿನ ಸ್ಟೇಟ್ ಪಾರ್ಕುಗಳ ಒಳಗೆ ದಡದಿಂದ ಗಾಳ ಹಾಕುವವರಿಗೆ ಲೈಸೆನ್ಸ್ ಬೇಡ, ಪ್ರವೇಶ ಶುಲ್ಕ ಕೊಟ್ಟರಾಯಿತು. ಡಲ್ಲಾಸಿನವರಿಗೆ ಜೋ ಪೂಲ್ ಜಲಾಶಯದ ದಡದ ಸೀಡರ್ ಹಿಲ್, ಇನ್ನೊಂದು ಕಡೆ ರೇ ರಾಬರ್ಟ್ಸ್ ಹತ್ತಿರ. ಜೂನ್ ತಿಂಗಳ ಮೊದಲ ಶನಿವಾರ ಇಡೀ ರಾಜ್ಯದಲ್ಲಿ ಎಲ್ಲರಿಗೂ ಬಿಟ್ಟಿ.

ಲಾರ್ಜ್‌ಮೌತ್‌ಗೆ ರಾಜ್ಯದ ಸಾಮಾನ್ಯ ನಿಯಮ: 14 ಇಂಚಿಗಿಂತ ಕಡಿಮೆ ಇದ್ದರೆ ವಾಪಸು ಬಿಡಬೇಕು, ದಿನಕ್ಕೆ ಐದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಳೆಯುವಾಗ ಬಾಯಿ ಮುಚ್ಚಿಸಿ, ಬಾಲದ ಎರಡೂ ತುದಿ ಒತ್ತಿ ಹಿಡಿದು, ಮೂತಿಯಿಂದ ಬಾಲದ ತುದಿಯವರೆಗೆ. ಕೆಲವು ಕೆರೆಗಳಿಗೆ ಬೇರೆ ನಿಯಮವಿದೆ, ಬೋರ್ಡು ಓದಿ. ಊರೊಳಗಿನ ಸಾರ್ವಜನಿಕ ಕೆರೆಗಳಲ್ಲಿ ಒಬ್ಬರಿಗೆ ಎರಡೇ ರಾಡ್. ಬಡಾವಣೆಯ ಸಂಘದ ಕೆರೆಯಾದರೆ ಅದು ಖಾಸಗಿ ಆಸ್ತಿ. ನಿವಾಸಿಗಳಿಗೆ ಮಾತ್ರ ಎಂದು ಬರೆದಿದ್ದರೆ ಗೆಳೆಯರನ್ನು ಕರೆದುಕೊಂಡು ಹೋಗಿ ಜಗಳ ಮಾಡಿಕೊಳ್ಳಬೇಡಿ.

ರಾಡ್, ರೀಲ್, ಲೈನ್, ಗಂಟು

ಹೊಸಬರು ಬೇಟ್‌ಕಾಸ್ಟರ್ ರೀಲಿಗೆ ಮರುಳಾಗುತ್ತಾರೆ. ಅದರಲ್ಲಿ ಎಸೆಯುವಾಗ ಸುರುಳಿ ಲೈನಿಗಿಂತ ವೇಗವಾಗಿ ತಿರುಗಿದರೆ ಒಳಗೆ ಸಿಕ್ಕುಸಿಕ್ಕಾಗಿ ಗೂಡು ಕಟ್ಟುತ್ತದೆ. ಅರ್ಧ ಬೆಳಗು ಅದನ್ನು ಬಿಡಿಸುವುದರಲ್ಲೇ ಹೋಗುತ್ತದೆ. ಅದಲ್ಲದೆ ಹಗುರ ಹುಳುವನ್ನು ಅದು ದೂರ ಎಸೆಯಲಾರದು. ದಡದ ಕೆಲಸಕ್ಕೆ 7 ಅಡಿಯ, ಮೀಡಿಯಂ ಬಲದ, ತುದಿ ಮಾತ್ರ ಬಾಗುವ ಫಾಸ್ಟ್ ಆ್ಯಕ್ಷನ್ ಸ್ಪಿನ್ನಿಂಗ್ ರಾಡ್, ಅದಕ್ಕೆ 2500 ಅಳತೆಯ ರೀಲ್ ತೆಗೆದುಕೊಳ್ಳಿ. ಎರಡೂ ಸೇರಿ 60ರಿಂದ 80 ಡಾಲರಿಗೆ ವರ್ಷಗಟ್ಟಲೆ ಬಾಳುವಂಥದ್ದು ಸಿಗುತ್ತದೆ. ಉಳಿದ ದುಡ್ಡನ್ನು ಒಳ್ಳೆಯ ಪೋಲರೈಸ್ಡ್ ಕನ್ನಡಕಕ್ಕೆ ಹಾಕಿ. ನೀರಿನ ಮೇಲಿನ ಹೊಳಪು ಕಳೆದು ಒಳಗಿನ ಕಳೆ, ಕಲ್ಲು, ಕೆಲವೊಮ್ಮೆ ಮೀನೇ ಕಾಣುತ್ತದೆ. ಹಾರಿ ಬರುವ ಕೊಕ್ಕೆಯಿಂದ ಕಣ್ಣೂ ಉಳಿಯುತ್ತದೆ.

ರೀಲಿಗೆ 10 ಅಥವಾ 15 ಪೌಂಡಿನ ಹೆಣೆದ ಲೈನ್ ತುಂಬಿ, ತುದಿಗೆ ಐದಾರು ಅಡಿ 8 ಪೌಂಡಿನ ಫ್ಲೋರೋಕಾರ್ಬನ್ ಸೇರಿಸಿ. ಹೆಣೆದ ಲೈನ್ ಹಿಗ್ಗುವುದಿಲ್ಲ, ಆದ್ದರಿಂದ ಕಚ್ಚಿದ್ದು ಬೆರಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಫ್ಲೋರೋ ನೀರಲ್ಲಿ ಅಷ್ಟಾಗಿ ಕಾಣುವುದಿಲ್ಲ, ಕಲ್ಲಿಗೆ ತಿಕ್ಕಿದರೂ ತಾಳುತ್ತದೆ. ಎರಡನ್ನೂ ಜೋಡಿಸಲು ಡಬಲ್ ಯೂನಿ ಗಂಟು. ಹೆಣೆದ ಲೈನನ್ನು ಬರೀ ಲೋಹದ ಸುರುಳಿಗೆ ನೇರ ಸುತ್ತಿದರೆ ಪೂರ್ತಿ ಲೈನ್ ಒಂದೇ ಗಡ್ಡೆಯಾಗಿ ಜಾರುತ್ತದೆ. ಆಗ ಡ್ರ್ಯಾಗ್ (ಮೀನು ಜಗ್ಗಿದಾಗ ಲೈನನ್ನು ತಡೆತಡೆದು ಬಿಡುವ ರೀಲಿನ ಬ್ರೇಕು) ಕೆಟ್ಟಿದೆ ಎಂದು ತಿಳಿದು ಅಂಗಡಿಗೆ ಹೊತ್ತೊಯ್ಯುವವರಿದ್ದಾರೆ. ಮೊದಲು ಹತ್ತು ಸುತ್ತು ಸಾದಾ ನೈಲಾನ್ ಲೈನ್ ಸುತ್ತಿ, ಅದರ ಮೇಲೆ ಇದನ್ನು ಕಟ್ಟಿದರೆ ಈ ತೊಂದರೆ ಇಲ್ಲ. ಸುರುಳಿಯ ಅಂಚಿಗಿಂತ ಇಂಚಿನ ಎಂಟನೇ ಒಂದು ಭಾಗ ಕೆಳಗೆ ನಿಲ್ಲುವಷ್ಟು ತುಂಬಿ. ಹೆಚ್ಚಾದರೆ ಸುತ್ತುಗಳು ಗುಂಪಾಗಿ ಕಳಚಿ ಗಂಟಾಗುತ್ತವೆ, ಕಡಿಮೆಯಾದರೆ ಲೈನ್ ಅಂಚಿಗೆ ಉಜ್ಜಿ ಎಸೆತ ಮೊಟಕಾಗುತ್ತದೆ.

ಡ್ರ್ಯಾಗ್ ಹೊಂದಿಸುವುದು ಅಂದಾಜಿನ ಕೆಲಸವಾಗಬಾರದು. ಲೈನಿನ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಅದು ಜಾರಲು ಶುರುವಾಗಬೇಕು. 8 ಪೌಂಡಿನ ತುದಿಗೆ ಎರಡು ಎರಡೂವರೆ ಪೌಂಡ್ ಅಂದುಕೊಳ್ಳಿ. ಒಂದು ಲೀಟರ್ ನೀರು ತುಂಬಿದ ಬಾಟಲಿ ಸುಮಾರು 2.2 ಪೌಂಡ್ ತೂಗುತ್ತದೆ. ಅದನ್ನು ಲೈನಿಗೆ ಕಟ್ಟಿ ರಾಡಿನಿಂದ ಎತ್ತಿ ನೋಡಿ. ಬಾಟಲಿ ನೆಲ ಬಿಡುತ್ತಿದ್ದಂತೆ ಲೈನ್ ಸಣ್ಣಗೆ ಜಾರಿದರೆ ಸರಿಯಾಗಿದೆ.

ಕೊಕ್ಕೆಗೆ ಪಾಲೊಮಾರ್ ಗಂಟು ಒಂದನ್ನೇ ಕಲಿತರೆ ಸಾಕು. ಲೈನಿನ ತುದಿಯಿಂದ ಆರು ಇಂಚು ಮಡಚಿ ಜೋಡಿ ಮಾಡಿ, ಆ ಮಡಿಕೆಯನ್ನು ಕೊಕ್ಕೆಯ ಕಣ್ಣಿನೊಳಗೆ ತೂರಿಸಿ. ಜೋಡಿ ಎಳೆಯಿಂದಲೇ ಒಂದು ಸಡಿಲ ಸಾದಾ ಗಂಟು ಹಾಕಿ. ಮಡಿಕೆಯ ಕುಣಿಕೆಯೊಳಗಿಂದ ಇಡೀ ಕೊಕ್ಕೆಯನ್ನು ದಾಟಿಸಿ, ಉಗುಳಿನಿಂದ ಒದ್ದೆ ಮಾಡಿ, ನಿಧಾನವಾಗಿ ಬಿಗಿಯಿರಿ. ಒಣಗಿದ ಗಂಟನ್ನು ಜಗ್ಗಿದರೆ ಉಜ್ಜಿದ ಬಿಸಿಗೆ ಫ್ಲೋರೋ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಲೈನ್ ಕಡಿದಾಗ ಬೈದುಕೊಳ್ಳುವ ಮೊದಲು ತುದಿ ನೋಡಿ. ಹಂದಿಯ ಬಾಲದ ಹಾಗೆ ಸುರುಳಿ ಬಿದ್ದಿದ್ದರೆ ಗಂಟು ಜಾರಿದ್ದು. ತರಿತರಿಯಾಗಿದ್ದರೆ ಕಲ್ಲಿಗೋ ಕೊಂಬೆಗೋ ಉಜ್ಜಿದ್ದು. ಪ್ರತಿ ಮೀನಿನ ನಂತರ ಕೊನೆಯ ಒಂದು ಅಡಿ ಲೈನನ್ನು ಬೆರಳ ನಡುವೆ ಜಾರಿಸಿ ನೋಡಿ, ಒರಟು ತಗುಲಿದರೆ ಕತ್ತರಿಸಿ ಹೊಸದಾಗಿ ಕಟ್ಟಿ.

ಎರಡು ಹುಳು ಸಾಕು

ಮೆತ್ತನೆಯ ಪ್ಲಾಸ್ಟಿಕ್ ಹುಳು ಹೊಸದೇನಲ್ಲ. 1949ರಲ್ಲಿ ಒಹಾಯೊದ ಅಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬವರು ಅಚ್ಚು ಹಾಕಿ ತಯಾರಿಸಿದರು. ಬ್ಯಾಸ್ ಹಿಡಿಯುವ ರೀತಿಯನ್ನು ಅಷ್ಟು ಬದಲಿಸಿದ ವಸ್ತು ಇನ್ನೊಂದಿಲ್ಲ. ಅದರ ಈಗಿನ ರೂಪಗಳಲ್ಲಿ ಸಣ್ಣ ಕೆರೆಗೆ ಹೇಳಿ ಮಾಡಿಸಿದ್ದು ಗ್ಯಾರಿ ಯಮಮೋಟೊ ಹೆಸರಿನ ಸೆಂಕೊ ಮತ್ತು ಅದನ್ನು ನೋಡಿ ಬಂದ ಹತ್ತಾರು ಹುಳುಗಳು. ನೋಡಲು ಬರೀ 5 ಇಂಚಿನ ಕಡ್ಡಿ, ಬಾಲವಿಲ್ಲ, ಕಾಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಉಪ್ಪು ಬೆರೆಸಿರುವುದರಿಂದ ಭಾರ ಕಟ್ಟದೆಯೇ ನಿಧಾನಕ್ಕೆ ಮುಳುಗುತ್ತದೆ, ಮುಳುಗುವಾಗ ಎರಡೂ ತುದಿ ಸಣ್ಣಗೆ ನಡುಗುತ್ತವೆ. ಆ ನಡುಕವೇ ಮೀನನ್ನು ಕೆಣಕುವುದು.

ಇದನ್ನು ಕಟ್ಟುವ ಬಗೆಗೆ ವ್ಯಾಕಿ ಎನ್ನುತ್ತಾರೆ. ಹುಳುವಿನ ನಟ್ಟನಡುವೆ ರಬ್ಬರ್ ಓ-ರಿಂಗ್ ಏರಿಸಿ, ಅದರಡಿ 1 ಅಥವಾ 1/0 ಅಳತೆಯ ವ್ಯಾಕಿ ಕೊಕ್ಕೆ ತೂರಿಸಿ. ರಿಂಗ್ ಇಲ್ಲದೆ ನೇರ ಪ್ಲಾಸ್ಟಿಕ್ಕಿಗೆ ಚುಚ್ಚಿದರೆ ಎರಡು ಮೂರು ಎಸೆತಕ್ಕೆ ಹರಿದು ಹುಳು ಹಾರಿಹೋಗುತ್ತದೆ. ಹತ್ತು ಹುಳುವಿನ ಪೊಟ್ಟಣ ಏಳೆಂಟು ಡಾಲರ್ ಇರುವಾಗ ಇದು ಸಣ್ಣ ನಷ್ಟವಲ್ಲ. ತಿಳಿನೀರಿಗೆ ಗ್ರೀನ್ ಪಂಪ್ಕಿನ್ ಬಣ್ಣ, ಮಳೆಯ ಮರುದಿನದ ಕೆಂಪು ನೀರಿಗೆ ಕಪ್ಪು-ನೀಲಿ. ಬಣ್ಣದ ವಿಷಯ ಇಲ್ಲಿಗೆ ಮುಗಿಯಿತು. ಅಂಗಡಿಯ ಗೋಡೆಯಲ್ಲಿರುವ ಉಳಿದ ಎಂಬತ್ತು ಬಣ್ಣ ಹಿಡಿಯುವುದು ಹೆಚ್ಚಾಗಿ ಮನುಷ್ಯರನ್ನು.

ಎಸೆದ ಮೇಲೆ ಏನೂ ಮಾಡದಿರುವುದೇ ಕಷ್ಟ. ಹುಳು ನೀರಿಗೆ ಬಿದ್ದ ತಕ್ಷಣ ಎಸೆಯುವಾಗ ತೆರೆದಿದ್ದ ರೀಲಿನ ತಂತಿಯನ್ನು (ಬೇಲ್) ಕೈಯಿಂದಲೇ ಮುಚ್ಚಿ (ಹಿಡಿ ತಿರುಗಿಸಿ ಮುಚ್ಚಿದರೆ ಲೈನಿಗೆ ಹುರಿ ಬೀಳುತ್ತದೆ), ಲೈನ್ ಅರೆ ಸಡಿಲವಾಗಿ ಇರಲಿ. ಬಿಗಿಹಿಡಿದರೆ ಹುಳು ಮುಳುಗುವ ಬದಲು ನಿಮ್ಮತ್ತ ತೂಗಿಕೊಂಡು ಬರುತ್ತದೆ, ನಡುಕ ಸತ್ತುಹೋಗುತ್ತದೆ. ಆರೆಂಟು ಅಡಿ ಆಳದಲ್ಲಿ ತಳ ಮುಟ್ಟಲು ಹತ್ತು ಹದಿನೈದು ಸೆಕೆಂಡ್ ಬೇಕು. ಆ ಹೊತ್ತೆಲ್ಲ ನೀರಿಗೆ ಲೈನ್ ಇಳಿಯುವ ಜಾಗವನ್ನೇ ನೋಡುತ್ತಿರಿ. ಬ್ಯಾಸ್ ಹೆಚ್ಚಾಗಿ ಕಚ್ಚುವುದು ಹುಳು ಇಳಿಯುವಾಗಲೇ. ತಳ ಮುಟ್ಟಿದ ಮೇಲೆ ಎರಡು ಸಲ ರಾಡಿನ ತುದಿ ಮೇಲೆ ಮಿಡಿದು ಮತ್ತೆ ಬಿಡಿ. ಹೀಗೆ ಮೂರು ಸಲವಾದರೆ ಎತ್ತಿ ಹೊಸ ಜಾಗಕ್ಕೆ.

ಜೊಂಡು, ಕೊಂಬೆ, ಕಳೆ ಇರುವಲ್ಲಿ ವ್ಯಾಕಿ ಸಿಕ್ಕಿಕೊಳ್ಳುತ್ತದೆ, ಅಲ್ಲಿಗೆ ಟೆಕ್ಸಾಸ್ ರಿಗ್ ಎಂಬ ಇನ್ನೊಂದು ಬಗೆಯ ಕಟ್ಟು. 3/16 ಔನ್ಸಿನ ಬುಲೆಟ್ ಆಕಾರದ ಭಾರವನ್ನು ಲೈನಿಗೆ ಮೊನೆ ಮುಂದಾಗುವಂತೆ ಪೋಣಿಸಿ, ಕೆಳಗೆ 3/0 ಅಳತೆಯ, ಕುತ್ತಿಗೆ ತಿರುಚಿದ ಅಗಲ ಬಾಯಿಯ ಹುಳು-ಕೊಕ್ಕೆ ಕಟ್ಟಿ. ಕೊಕ್ಕೆಯ ಮೊನೆಯನ್ನು ಹುಳುವಿನ ತಲೆಗೆ ಕಾಲು ಇಂಚು ಚುಚ್ಚಿ ಪಕ್ಕದಿಂದ ಹೊರತೆಗೆಯಿರಿ. ಹುಳುವನ್ನು ಕೊಕ್ಕೆಯ ಕುತ್ತಿಗೆವರೆಗೆ ಏರಿಸಿ, ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಿ. ಈಗ ಕೊಕ್ಕೆಯನ್ನು ಹುಳುವಿನ ಪಕ್ಕ ಇಳಿಬಿಟ್ಟು, ಬಾಗು ಎಲ್ಲಿ ತಾಗುತ್ತದೋ ಆ ಜಾಗ ಗುರುತಿಟ್ಟುಕೊಂಡು ಅಲ್ಲೇ ಆರಪಾರ ಚುಚ್ಚಿ. ಮೊನೆ ಹೊರಬಂದ ಮೇಲೆ ಹುಳುವಿನ ಬೆನ್ನಿನ ತೆಳು ಪದರಕ್ಕೆ ಅದನ್ನು ಸಣ್ಣಗೆ ಒತ್ತಿ ಮರೆಮಾಡಿದರೆ ಕಳೆಗೆ ತೊಡರುವುದಿಲ್ಲ. ಹುಳು ದಾರದಂತೆ ನೇರ ತೂಗಬೇಕು. ಒಂಚೂರು ಗೂನು ಬಿದ್ದಿದ್ದರೂ ನೀರಲ್ಲಿ ಗಿರಗಿರ ತಿರುಗಿ ಲೈನ್ ಪೂರಾ ಹುರಿಗಟ್ಟುತ್ತದೆ. ಬಿಚ್ಚಿ ಮತ್ತೆ ಚುಚ್ಚುವುದೇ ಲೇಸು.

ಇವೆರಡರ ಆಚೆ, ಬೇಸಿಗೆಯಲ್ಲಿ ನೀರಿನ ಮೇಲೆ ಪಾಚಿ ಚಾಪೆ ಕಟ್ಟಿದಾಗ ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ. ನಮ್ಮ ಕರಾವಳಿಯಲ್ಲಿ ಮಡೆಂಜಿಗೆ ಇದೇ ಕಪ್ಪೆ ಎಸೆಯುವವರಿಗೆ ಬ್ಯಾಸ್ ಕಲಿಯಲು ಹೆಚ್ಚು ಹೊತ್ತು ಬೇಡ. ಎರಡೂ ಕಳೆಯ ಮರೆಯಲ್ಲಿ ಕಾದು ಎರಗುವ ಮೀನುಗಳೇ. ಆದರೆ 8 ಪೌಂಡಿನ ಲೈನಿಗೆ ಕಪ್ಪೆ ಬೇಡ. ಅದಕ್ಕೆ 50 ಪೌಂಡಿನ ಹೆಣೆದ ಲೈನ್, ಗಡುಸು ರಾಡ್ ಬೇಕು, ಇಲ್ಲವಾದರೆ ಮೀನು ಪಾಚಿಯೊಳಗೆ ಹೊಕ್ಕು ಅಲ್ಲೇ ಉಳಿಯುತ್ತದೆ.

ಪ್ಲಾಸ್ಟಿಕ್ ಹುಳುಗಳನ್ನು ಅವು ಬಂದ ಪೊಟ್ಟಣದಲ್ಲೇ ಇಡಿ. ಬೇರೆ ಬೇರೆ ತಯಾರಿಕೆಯವನ್ನು ಒಂದೇ ಡಬ್ಬಿಗೆ ಸುರಿದು ಕಾರಿನಲ್ಲಿ ಬಿಟ್ಟರೆ ಟೆಕ್ಸಾಸಿನ ಬಿಸಿಲಿಗೆ ಒಂದಕ್ಕೊಂದು ಕರಗಿ ಅಂಟಿಕೊಳ್ಳುತ್ತವೆ. ಹರಿದ ಹುಳು, ಕತ್ತರಿಸಿದ ಲೈನ್ ಜೇಬಿಗೆ ಹಾಕಿ. ಲೈನ್ ತುಂಡು ಬಾತಿನ ಕಾಲಿಗೆ, ಕೊಕ್ಕರೆಯ ಕೊಕ್ಕಿಗೆ ಸುತ್ತಿಕೊಂಡರೆ ಅದರ ಕಥೆ ಮುಗಿದಂತೆ.

ಎಲ್ಲಿ ಎಸೆಯಬೇಕು

ಕೆರೆಗೆ ಬಂದ ಹೊಸಬರು ನೇರ ನೀರಂಚಿಗೆ ಹೋಗಿ ನಿಂತು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ನಡುವಿಗೆ ಎಸೆಯುತ್ತಾರೆ. ಮೀನು ಬಹಳಷ್ಟು ಸಲ ಅವರ ಕಾಲ ಬುಡದಲ್ಲೇ ಇತ್ತು, ಹೆಜ್ಜೆಯ ಅದುರಿಗೆ ಆಗಲೇ ಹೋಗಿರುತ್ತದೆ. ದಡದಿಂದ ಆರೇಳು ಅಡಿ ಹಿಂದೆಯೇ ನಿಂತು, ನೆರಳು ನೀರಿಗೆ ಬೀಳದಂತೆ ನೋಡಿಕೊಂಡು, ಮೊದಲ ಎಸೆತಗಳನ್ನು ದಡಕ್ಕೆ ಸಮಾನಾಂತರವಾಗಿ ಹಾಕಿ: ಒಂದು ಎಡಕ್ಕೆ, ಒಂದು ಬಲಕ್ಕೆ, ನೀರಂಚಿನಿಂದ ಮೂರು ನಾಲ್ಕು ಅಡಿ ಒಳಗೆ. ಅಲ್ಲೇನೂ ಇಲ್ಲವೆಂದಾದ ಮೇಲೆ ಬೀಸಣಿಗೆಯಂತೆ ಹರಡುತ್ತ ಒಳಕ್ಕೆ.

ಟೆಕ್ಸಾಸಿನ ಈ ಕೆರೆಗಳು ಬಹುತೇಕ ಕಟ್ಟಿದ ಕೆರೆಗಳೇ. ಏರಿ ಇದೆ, ಕೋಡಿ ಇದೆ, ತೂಬಿನ ಗೋಪುರದ ಬದಲು ಒಂದು ಕಾಂಕ್ರೀಟ್ ಪೆಟ್ಟಿಗೆ ಅಥವಾ ಕೊಳವೆ ನಿಂತಿದೆ. ಏರಿಯ ಕಡೆ ಆಳ ಹೆಚ್ಚು, ಕಲ್ಲು ಹಾಸಿದ್ದರೆ ಸಿಗಡಿಯಂಥ ಕ್ರಾಫಿಶ್ ಇರುತ್ತವೆ. ಮಳೆನೀರಿನ ಕೊಳವೆ ಬಂದು ಬೀಳುವ ಬಾಯಿ ಇನ್ನೊಂದು ಮುಖ್ಯ ಜಾಗ. ಜೋರು ಮಳೆ ನಿಂತು ನೀರು ಹರಿಯುತ್ತಿರುವ ಒಂದೆರಡು ಗಂಟೆ ಅಲ್ಲಿ ಹುಳುಹುಪ್ಪಟೆ ಕೊಚ್ಚಿ ಬರುತ್ತದೆ, ಸಣ್ಣ ಮೀನು ಅದಕ್ಕೆ, ಬ್ಯಾಸ್ ಸಣ್ಣ ಮೀನಿಗೆ. ಕಳೆ ಮುಗಿದು ಬಯಲು ನೀರು ಶುರುವಾಗುವ ಗೆರೆ, ನೆರಳು ಮುಗಿದು ಬಿಸಿಲು ಶುರುವಾಗುವ ಗೆರೆ, ತಿಳಿನೀರಿಗೆ ಕೆಸರು ಕೂಡುವ ಗೆರೆ, ಇಂಥ ಗೆರೆಗಳ ಮೇಲೆ ಈ ಮೀನು ನಿಂತಿರುತ್ತದೆ. ನೆರಳಿನ ಒಳಗಿಂದ ಬಿಸಿಲಿನಲ್ಲಿರುವ ಬ್ಲೂಗಿಲ್ ಎಂಬ ಸಣ್ಣ ಮೀನು ಅದಕ್ಕೆ ಚೆನ್ನಾಗಿ ಕಾಣುತ್ತದೆ, ಬ್ಲೂಗಿಲ್‌ಗೆ ಇದು ಕಾಣುವುದಿಲ್ಲ. ಗಾಳಿ ಬೀಸುವ ದಿನ ಅಲೆ ಬಂದು ಬಡಿಯುವ ದಡಕ್ಕೆ ಹೋಗಿ. ಮುಖಕ್ಕೆ ಗಾಳಿ ಹೊಡೆಯುವುದರಿಂದ ಎಸೆಯಲು ಕಿರಿಕಿರಿ, ಹಾಗಾಗಿಯೇ ಆ ದಡ ಯಾವಾಗಲೂ ಖಾಲಿ.

ಕಚ್ಚಿದ್ದು ಗೊತ್ತಾಗುವುದು, ತಪ್ಪಿಸಿಕೊಳ್ಳುವುದು

ಬ್ಯಾಸ್ ಹಲ್ಲಿನಿಂದ ಹಿಡಿಯುವುದಿಲ್ಲ. ಬಾಯಿ ಥಟ್ಟನೆ ಅಗಲಿಸಿ ನೀರಿನ ಸಮೇತ ಹುಳುವನ್ನು ಒಳಗೆ ಸೆಳೆದುಕೊಳ್ಳುತ್ತದೆ. ಸುಳ್ಳು ಎಂದು ಅನಿಸಿದರೆ ಅಷ್ಟೇ ಬೇಗ ಉಗುಳುತ್ತದೆ. ಟಕಟಕಟಕ ಎಂದು ಸಣ್ಣಗೆ ಕುಕ್ಕುತ್ತಿದ್ದರೆ ಅದು ಬ್ಲೂಗಿಲ್, ಹುಳುವಿನ ತುದಿ ಕಿತ್ತು ತಿನ್ನುತ್ತಿದೆ, ಎಳೆಯಬೇಡಿ. ಒಂದೇ ಸಲ ದಪ್ಪಗೆ "ಟಕ್" ಎಂದರೆ, ಲೈನ್ ಸದ್ದಿಲ್ಲದೆ ಪಕ್ಕಕ್ಕೆ ನಡೆದರೆ, ಅಥವಾ ಇನ್ನೂ ಇಳಿಯಬೇಕಿದ್ದ ಲೈನ್ ನಡುವೆಯೇ ನಿಂತರೆ ಬ್ಯಾಸ್. ಮೂರನೆಯದನ್ನು ಗುರುತಿಸಲು ಕಲಿತ ದಿನದಿಂದ ಮೀನಿನ ಸಂಖ್ಯೆ ಹೆಚ್ಚಾಗುತ್ತದೆ.

ವ್ಯಾಕಿಯಲ್ಲಿ ಮೊನೆ ಬಯಲಾಗಿಯೇ ಇರುತ್ತದೆ, ಜೋರಾಗಿ ಜಗ್ಗುವ ಅಗತ್ಯವಿಲ್ಲ. ಸಡಿಲ ಲೈನನ್ನು ಸುತ್ತಿಕೊಂಡು ಭಾರ ಸಿಕ್ಕೊಡನೆ ರಾಡನ್ನು ಪಕ್ಕಕ್ಕೆ ಒಯ್ಯಿರಿ. ತಡಮಾಡಿದರೆ ನುಂಗಿಬಿಡುತ್ತದೆ, ಕೊಕ್ಕೆ ಗಂಟಲಿಗೆ ಇಳಿಯುತ್ತದೆ. ಟೆಕ್ಸಾಸ್ ರಿಗ್‌ನಲ್ಲಿ ಮೊನೆ ಮೊದಲು ಪ್ಲಾಸ್ಟಿಕ್ಕನ್ನು ಸೀಳಿ ಆಮೇಲೆ ದವಡೆಗೆ ಹೊಗಬೇಕು; ಇಲ್ಲಿ ರಾಡ್ ತಗ್ಗಿಸಿ, ಸಡಿಲ ತೆಗೆದು, ಮೇಲಕ್ಕೆ ಗಟ್ಟಿ ಹೊಡೆತ. ಎರಡನ್ನು ಅದಲುಬದಲು ಮಾಡಿದವರು ವ್ಯಾಕಿಯಲ್ಲಿ ಲೈನ್ ಕಡಿದುಕೊಳ್ಳುತ್ತಾರೆ, ಟೆಕ್ಸಾಸ್‌ನಲ್ಲಿ ದಡದ ಹತ್ತಿರ ತಂದು ಬಿಟ್ಟುಕೊಳ್ಳುತ್ತಾರೆ.

ಲೈನ್ ಮೇಲೇರತೊಡಗಿದರೆ ಮೀನು ಹಾರಲಿದೆ ಎಂದರ್ಥ. ರಾಡಿನ ತುದಿ ನೀರಿನ ಹತ್ತಿರ ಇಳಿಸಿ, ಲೈನ್ ಬಿಗಿಯಾಗಿರಲಿ. ಗಾಳಿಯಲ್ಲಿ ತಲೆ ಕೊಡವುವಾಗ ಸಡಿಲ ಸಿಕ್ಕರೆ ಕೊಕ್ಕೆ ಹಾರಿಹೋಗುತ್ತದೆ. ಡ್ರ್ಯಾಗ್ ಜಾರುತ್ತಿರುವಾಗ ಹಿಡಿ ತಿರುಗಿಸಬೇಡಿ. ಲೈನ್ ಒಳಬರುವುದಿಲ್ಲ, ಬರೀ ಹುರಿ ಸೇರುತ್ತದೆ. ಹತ್ತಿರ ಬಂದ ಮೀನನ್ನು ರಾಡಿನಿಂದ ನೆಟ್ಟಗೆ ಎತ್ತಬೇಡಿ. ಗ್ರ್ಯಾಫೈಟ್ ರಾಡು ಮುರಿಯುವುದು ಮೀನಿನ ಬಲಕ್ಕಲ್ಲ, ಇಂಥ ಎತ್ತುವಿಕೆಗೆ, ಇಲ್ಲವೇ ಕಾರಿನ ಬಾಗಿಲಿಗೆ.

ಹಿಡಿದು ಬಿಡುವುದು

ಕೈ ಒದ್ದೆ ಮಾಡಿಕೊಂಡು, ಕೆಳದವಡೆಯೊಳಗೆ ಹೆಬ್ಬೆರಳು ಇಟ್ಟು ಹಿಡಿಯಿರಿ. ಒಳಗಿರುವುದು ಮರಳುಕಾಗದದಷ್ಟು ಸಣ್ಣ ಹಲ್ಲು, ಗಾಯವಾಗುವುದಿಲ್ಲ. ಹೆಚ್ಚು ಮೀನು ಸಿಕ್ಕ ದಿನ ಹೆಬ್ಬೆರಳಿನ ಚರ್ಮ ಎದ್ದಿರುತ್ತದೆ, ಅಷ್ಟೇ. ಒಣಗಿದ ಕೈ ಅದರ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ಸೋಂಕು ತಡೆಯುವುದು ಆ ಲೋಳೆಯೇ. ಎರಡು ಮೂರು ಪೌಂಡಿಗಿಂತ ದೊಡ್ಡದಾದರೆ ಇನ್ನೊಂದು ಕೈ ಹೊಟ್ಟೆಗೆ ಕೊಡಿ. ದವಡೆಯಿಂದಷ್ಟೇ ಹಿಡಿದು ಅಡ್ಡ ಚಾಚಿದರೆ ಅದರ ತೂಕಕ್ಕೆ ದವಡೆಯೇ ಜಖಂ ಆಗುತ್ತದೆ. ಕೊಕ್ಕೆ ಗಂಟಲಲ್ಲಿ ಕಾಣದಷ್ಟು ಇಳಿದಿದ್ದರೆ ಕೆದಕದೆ ಲೈನ್ ಕತ್ತರಿಸಿ ಬಿಡಿ. ಫೋಟೊ ಒಂದು ಸಾಕು. ಕ್ಯಾಮೆರಾ ಸಿದ್ಧವಾಗುವವರೆಗೆ ಮೀನು ನೀರಲ್ಲೇ ಇರಲಿ. ತಕ್ಕಡಿ ಇಲ್ಲದಿದ್ದರೂ ತೂಕ ಅಂದಾಜಿಸಬಹುದು: ಮೈಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿ. 20 ಇಂಚು ಉದ್ದ, 15 ಇಂಚು ಸುತ್ತಳತೆ ಎಂದರೆ ಐದೂವರೆ ಪೌಂಡ್ ಮೇಲೆ.

"ಬಿಡೋದಾದ್ರೆ ಯಾಕಪ್ಪ ಹಿಡೀಬೇಕು?" ಎಂದು ನೆಂಟರು ಕೇಳುವುದು ಸಹಜ. ಬಿಡುವ ಪದ್ಧತಿ ಇಲ್ಲೂ ಮೊದಲಿನಿಂದ ಇದ್ದದ್ದಲ್ಲ. 1968ರಲ್ಲಿ ಬ್ಯಾಸ್ ಆ್ಯಂಗ್ಲರ್ಸ್ ಸ್ಪೋರ್ಟ್ಸ್‌ಮನ್ ಸೊಸೈಟಿ ಕಟ್ಟಿದ ರೇ ಸ್ಕಾಟ್ 1972ರಲ್ಲಿ ಸ್ಪರ್ಧೆಗಳಲ್ಲಿ ಮೀನನ್ನು ಜೀವಂತ ತಂದು ತೂಗಿ ಬಿಡುವ ನಿಯಮ ತಂದ ಮೇಲೆ ಅದು ಹವ್ಯಾಸಿಗಳ ನಡುವೆ ಹಬ್ಬಿತು. ಕಾರಣ ನೇರ: 14 ಇಂಚು ತಲುಪಲು ಇಲ್ಲಿನ ಬ್ಯಾಸ್‌ಗೆ ಸಾಮಾನ್ಯವಾಗಿ ಎರಡು ಮೂರು ವರ್ಷ ಬೇಕು, ತುಂಬ ದೊಡ್ಡವು ಬಹುಪಾಲು ಹೆಣ್ಣು, ಮತ್ತು ಮೂರು ಎಕರೆಯ ಕೆರೆಯಲ್ಲಿ ಅಂಥವು ಬೆರಳೆಣಿಕೆಯಷ್ಟೇ. ಹಾಗೆಂದು ಬಿಡುವುದನ್ನು ಧರ್ಮ ಮಾಡಿಕೊಳ್ಳಬೇಕಿಲ್ಲ. ನಿಯಮದೊಳಗೆ ಒಂದೆರಡು 14, 15 ಇಂಚಿನವನ್ನು ಮನೆಗೆ ಒಯ್ದರೆ ಕೆರೆ ಬರಡಾಗುವುದಿಲ್ಲ. ಹುಲ್ಲುಹಾಸಿನ ಔಷಧ, ರಸ್ತೆಯ ಎಣ್ಣೆ ಎಲ್ಲ ತೊಳೆದು ಬರುವ ಊರೊಳಗಿನ ಕೆರೆಯ ಮೀನು ತಿನ್ನಬೇಕೇ ಎಂಬುದು ಬೇರೆ ಪ್ರಶ್ನೆ. ನನ್ನ ಉತ್ತರ ಬೇಡ ಎಂದು. ಇನ್ನು ಜಪಾನಿನಲ್ಲಿ ಇದೇ ಮೀನು ಹೊರಗಿನಿಂದ ಬಂದು ಸ್ಥಳೀಯ ಮೀನು ತಿನ್ನುವ ಪಿಡುಗು. ಬಿವಾ ಸರೋವರದಲ್ಲಿ ಹಿಡಿದ ಬ್ಯಾಸನ್ನು ವಾಪಸು ನೀರಿಗೆ ಬಿಡುವುದೇ ನಿಷಿದ್ಧ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದ 22 ಪೌಂಡ್ 4 ಔನ್ಸಿನ ವಿಶ್ವದಾಖಲೆಯನ್ನು 2009ರಲ್ಲಿ ಮನಾಬು ಕುರಿಟ ಸರಿಗಟ್ಟಿದ್ದು ಅದೇ ಸರೋವರದಲ್ಲಿ. ಕುರಿಟರ ಮೀನು ಒಂದು ಔನ್ಸಿನಷ್ಟು ಹೆಚ್ಚೇ ತೂಗಿತು. ದಾಖಲೆ ಮುರಿಯಲು ಎರಡು ಔನ್ಸ್ ಅಂತರ ಬೇಕೆಂಬ ನಿಯಮದಿಂದ ಇಬ್ಬರ ಹೆಸರೂ ಉಳಿದಿದೆ.

ದಡದ ಅಪಾಯ, ವರ್ಷದ ಲೆಕ್ಕ

ಟೆಕ್ಸಾಸಿನ ದಡದಲ್ಲಿ ಎಚ್ಚರ ಬೇಕಾದ್ದು ಮೊದಲು ಬೆಂಕಿ ಇರುವೆಗೆ. ನಿಲ್ಲುವ ಮುನ್ನ ನೆಲ ನೋಡಿ. ಜೊಂಡಿನಲ್ಲಿ ಕಾಟನ್‌ಮೌತ್ ಎಂಬ ವಿಷದ ಹಾವು ಇರಬಹುದು, ಕಾಣದ ಜಾಗಕ್ಕೆ ಕೈಕಾಲು ಹಾಕಬೇಡಿ. ಗುಡುಗು ಕೇಳಿದೊಡನೆ ರಾಡ್ ಕೆಳಗಿಟ್ಟು ಕಾರಿಗೆ ಹೋಗಿ. ಗ್ರ್ಯಾಫೈಟ್ ವಿದ್ಯುತ್ ಹಾಯಿಸುತ್ತದೆ. ಕೊಕ್ಕೆಗಳ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಂಡರೆ ಬೆರಳಿಗೆ ಚುಚ್ಚಿದಾಗ ಬಂದ ದಾರಿಯಲ್ಲೇ ಹೊರಬರುತ್ತದೆ. ಮುಳ್ಳಿದ್ದು ಆಳಕ್ಕೆ ಹೋಗಿದ್ದರೆ, ಅಥವಾ ಕಣ್ಣಿನ ಹತ್ತಿರವಾದರೆ, ಕೀಳಲು ಹೋಗದೆ ನೇರ ಡಾಕ್ಟರ ಹತ್ತಿರ.

ವರ್ಷದ ಲೆಕ್ಕವೆಲ್ಲ ನೀರಿನ ತಾಪದ್ದು. ಹತ್ತು ಡಾಲರಿನ ಥರ್ಮಾಮೀಟರ್‌ಗೆ ದಾರ ಕಟ್ಟಿ ಇಳಿಬಿಟ್ಟರೆ ಸಾಕು. ಫೆಬ್ರವರಿ ಕೊನೆಗೆ ನೀರು 55 ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗ ಮೀನು ಆಳದಿಂದ ದಡದತ್ತ ಬರತೊಡಗುತ್ತದೆ, ಮೈತುಂಬಿದ ಹೆಣ್ಣುಗಳು ಸಿಗುವ ಕಾಲ ಇದೇ. 60 ಡಿಗ್ರಿ (ಸುಮಾರು 15.5 ಸೆಲ್ಸಿಯಸ್) ಆದಮೇಲೆ ಗಂಡು ದಡದ ಒಂದರಿಂದ ನಾಲ್ಕು ಅಡಿ ಆಳದಲ್ಲಿ ಬಾಲದಿಂದ ಗುಡಿಸಿ ಗೂಡು ಮಾಡಿ, ಮೊಟ್ಟೆ ಕಾಯುತ್ತ ನಿಲ್ಲುತ್ತದೆ. ಬೆಳ್ಳಗಿನ ವೃತ್ತದ ಮೇಲೆ ನಿಂತ ಆ ಮೀನನ್ನು ಹಿಡಿಯುವುದು ಸುಲಭ, ಕಾನೂನೂ ತಡೆಯುವುದಿಲ್ಲ. ಆದರೆ ಅದನ್ನು ಎತ್ತಿದ ಕ್ಷಣಕ್ಕೆ ಸುತ್ತಲಿನ ಬ್ಲೂಗಿಲ್‌ಗಳು ಮೊಟ್ಟೆಗೆ ಮುತ್ತುತ್ತವೆ. ಸಣ್ಣ ಕೆರೆಯಲ್ಲಿ ಅದನ್ನು ಅದರ ಪಾಡಿಗೆ ಬಿಡಿ.

ಜುಲೈ, ಆಗಸ್ಟಿನಲ್ಲಿ ನೀರು 85 ದಾಟುತ್ತದೆ. ಬೆಳಕು ಹರಿಯುವ ಮುಂಚಿನ ಅರ್ಧ ಗಂಟೆ, ಹರಿದ ಮೇಲಿನ ಒಂದು ಗಂಟೆ ಬಿಟ್ಟರೆ ಗಾಳ ಎತ್ತಿಡಿ. ಬಿಸಿನೀರಲ್ಲಿ ಆಮ್ಲಜನಕ ಕಡಿಮೆ, ಸೆಣಸಿ ದಣಿದ ಮೀನು ಬಿಟ್ಟರೂ ಬದುಕುವ ಖಾತ್ರಿಯಿಲ್ಲ. ಕಾರಂಜಿ ಇರುವ ಕೆರೆಯಾದರೆ ಅದರ ಅಂಚಿಗೆ ಹಾಕಿ. ಅಕ್ಟೋಬರಿನಲ್ಲಿ ಮತ್ತೆ ದಿನವಿಡೀ ಕಚ್ಚುತ್ತದೆ.

ಚಳಿಗಾಲದಲ್ಲಿ ರಾಜ್ಯದ ಇಲಾಖೆ ಹಲವು ಊರ ಕೆರೆಗಳಿಗೆ ರೇನ್‌ಬೋ ಟ್ರೌಟ್ ತಂದು ಬಿಡುತ್ತದೆ, ಒಂದಷ್ಟು ದಿನ ದಡದಲ್ಲಿ ಜಾತ್ರೆ. ಬ್ಯಾಸ್ ಅಲ್ಲೇ ಇರುತ್ತದೆ, ಹಸಿವು ಕಡಿಮೆ ಅಷ್ಟೇ. ಸೆಂಕೊವನ್ನು ಮೂರು ಇಂಚಿಗೆ ಕತ್ತರಿಸಿ ಅಣಬೆಯಾಕಾರದ ಸಣ್ಣ ಭಾರದ ಕೊಕ್ಕೆಗೆ ಪೋಣಿಸಿ, ತಳದಲ್ಲಿ ಎಳೆದು ಹತ್ತು ಎಣಿಸಿ ನಿಲ್ಲಿಸಿ, ಮತ್ತೆ ಎಳೆಯಿರಿ. ಬೆಳಗ್ಗೆ ಏಳುವುದು ವ್ಯರ್ಥ. ಎರಡು ಮೂರು ದಿನ ಸತತ ಬಿಸಿಲು ಬಿದ್ದ ಮೇಲೆ, ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ದಕ್ಷಿಣದ ಬಿಸಿಲು ಬೀಳುವ, ಉತ್ತರದ ಗಾಳಿ ತಾಗದ ಉತ್ತರ ದಡಕ್ಕೆ ಹೋಗಿ.